ತುಂಬಬಾರದ ಪೀಪಾಯಿಗಳು

ಜೋಸೆಟ್‌ಳ ಮಾತು ಬಂದರೆ ಈಗ ಎಲ್ಲರೂ ‘ಪಾಪ’ ಎಂದೇ ಶುರು ಮಾಡುತ್ತಾರೆ. ಆ ಪದ ಕೇಳಿದರೆ ನನಗೆ ಮೈ ಉರಿಯುತ್ತದೆ. ಅವಳು ಸೊಸೆಯಾಗಿ ನಮ್ಮ ಊರು ಪೊಂರೋಶ್‌ಗೆ ಬಂದ ದಿನದಿಂದ ಅವಳ ಬಾಯಿಗೆ ಸಿಕ್ಕಿ ಪಾಪ ಅನ್ನಿಸಿಕೊಂಡವರು ನಾವು, ಅವಳಲ್ಲ. ಊರಿನ ಚೀಸ್ ಅಂಗಡಿಯಲ್ಲಿ ಕೂತು ನಾನು ಮುಕ್ಕಾಲು ಆಯುಷ್ಯ ಕಳೆದಿದ್ದೇನೆ. ಯಾರ ಮನೆಯ ಹಾಲಿನಲ್ಲಿ ಎಷ್ಟು ನೀರು ಎಂಬುದು ನನಗೆ ಗೊತ್ತು. ಆದ್ದರಿಂದ ಅವಳ ಕಥೆಯನ್ನು ನಾನು ಮೊದಲಿನಿಂದ ಹೇಳುತ್ತೇನೆ.

ಅವಳು ಬೆಟ್ಟದ ಮೇಲಿನ ಬಯಲಿನ ದನ ಸಾಕುವವರ ಮಗಳು. ಅಲ್ಲಿಯವರಿಗೆ ಹಾಲು ಗೊತ್ತು, ಹುಲ್ಲು ಗೊತ್ತು, ಹಿಮ ಗೊತ್ತು. ದ್ರಾಕ್ಷಿ ಎಂದರೆ ಅವರ ಪಾಲಿಗೆ ಕೆಳಗಿನವರ ಸೋಮಾರಿತನ. ಅವಳ ಗಂಡ ರೆಮಿಯ ಮನೆಯವರದು ಮೂರು ತಲೆಮಾರಿನ ದ್ರಾಕ್ಷಿ ತೋಟ. ದೊಡ್ಡದೇನಲ್ಲ. ಬಂಡೆಸಾಲಿನ ಕೆಳಗೆ ಅಲ್ಲೊಂದು ತುಂಡು, ಇಲ್ಲೊಂದು ತುಂಡು. ಪುಲ್ಸಾರ್, ತ್ರುಸೋ ಎಂಬ ಎರಡು ಕೆಂಪು ತಳಿ, ಒಂದಿಷ್ಟು ಬಿಳಿ ಶಾರ್ದೊನೆ, ಮತ್ತೆ ಬೂದು ಮಣ್ಣಿನ ಕಡಿದಾದ ಇಳಿಜಾರಿನಲ್ಲಿ ಸಾವಾನ್ಯಾಂ. ಸಾವಾನ್ಯಾಂ ಹಣ್ಣು ನೋಡಲು ಬಡಕಲು, ಸಿಪ್ಪೆ ದಪ್ಪ, ಎಲ್ಲರ ಕೊಯ್ಲು ಮುಗಿದ ಮೇಲೆ ಚಳಿ ಕಚ್ಚುವ ಹೊತ್ತಿಗೆ ಹಣ್ಣಾಗುತ್ತದೆ. ಆದರೆ ನಮ್ಮ ಹಳದಿ ವೈನ್ ಆಗುವುದು ಅದೊಂದರಿಂದಲೇ.

ಮದುವೆಯ ಊಟದಲ್ಲಿ ಮಾವ ತಾನೇ ಎದ್ದು ಬಂದು ಹೊಸ ಸೊಸೆಗೆ ಆ ಹಳದಿ ವೈನ್ ಸುರಿದ. ಊರೆಲ್ಲ ನೋಡುತ್ತಿತ್ತು. ಜೋಸೆಟ್ ಲೋಟವನ್ನು ಮೂಗಿಗೆ ಹಿಡಿದಳು. ಅಕ್ರೋಟಿನ ವಾಸನೆ, ಹುರಿದ ಮೆಂತ್ಯದ ಘಾಟು. ಅಭ್ಯಾಸ ಇಲ್ಲದವರಿಗೆ ತಲೆ ತಿರುಗುತ್ತದೆ.

"ಮಾವ, ತಪ್ಪು ತಿಳ್ಕೋಬೇಡಿ, ಇದು ಕೆಟ್ಟುಹೋಗಿದೆ. ಬೇರೆ ಇದ್ರೆ ಕೊಡಿ" ಅಂದಳು.

 ಮಾವ ಕೆಮ್ಮು ಬರುವ ತನಕ ನಕ್ಕ. ಅತ್ತೆ ಮಾರ್ತ್ ನಗಲಿಲ್ಲ. "ಕೊಟ್ಟಿಗೆಯಿಂದ ಬಂದ ಮೂಗಿಗೆ ಇನ್ನೇನು ಗೊತ್ತಾಗತ್ತೆ" ಎಂದು ಪಕ್ಕದವರಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. ಜೋಸೆಟ್ ಬಿಡಲಿಲ್ಲ. "ಕೊಟ್ಟಿಗೇಲಿ ಕೆಟ್ಟಿದ್ದನ್ನ ಎಸೀತೀವಿ ಅತ್ತೆ, ಹೆಸರಿಟ್ಟು ಮಾರಲ್ಲ" ಅಂದಳು. ನಾನು ಅವತ್ತೇ ತೀರ್ಮಾನಿಸಿದೆ, ಇವಳು ನನ್ನ ಗೆಳತಿ ಎಂದು.

ಅತ್ತೆ ಸೇಡು ತೀರಿಸಿಕೊಂಡದ್ದು ಸೋಮವಾರದ ದಿನ. ಬೆಳಿಗ್ಗೆ ಸೊಸೆಯನ್ನು ನೆಲಮಾಳಿಗೆಗೆ ಇಳಿಸಿ, ಉದ್ದ ಮೂತಿಯ ತಗಡಿನ ಗಿಂಡಿ ಕೈಗೆ ಕೊಟ್ಟಳು. ಪೀಪಾಯಿಯ ಮರ ಒಳಗಿನ ವೈನನ್ನು ತಾನೂ ಒಂದಿಷ್ಟು ಕುಡಿಯುತ್ತದೆ. ವಾರ ಕಳೆಯುವಷ್ಟರಲ್ಲಿ ಮಟ್ಟ ಇಳಿದು, ಆ ಜಾಗಕ್ಕೆ ಗಾಳಿ ಹೊಕ್ಕು, ಒಳಗಿದ್ದದ್ದು ಹುಳಿಯಾಗುತ್ತದೆ. ಅದಕ್ಕೇ ಪ್ರತಿ ಸೋಮವಾರ ಬಿರಡೆ ತೆಗೆದು, ಅದೇ ಜಾತಿಯ ವೈನಿನಿಂದ ಕಂಠದ ತನಕ ಭರ್ತಿ ಮಾಡಬೇಕು. ಪುಲ್ಸಾರ್‌ಗೆ ಪುಲ್ಸಾರ್, ತ್ರುಸೋಗೆ ತ್ರುಸೋ. ನಮ್ಮಲ್ಲಿ ಇದು ಹೆಂಗಸರ ಕೆಲಸ. ಹೆಣ್ಣು ನೋಡಲು ಹೋದವರು ಅಡುಗೆಮನೆ ನೋಡುವುದಿಲ್ಲ, ನೆಲಮಾಳಿಗೆಗೆ ಇಳಿದು ಒಂದು ಪೀಪಾಯಿಯನ್ನು ಬೆರಳಿನಿಂದ ತಟ್ಟುತ್ತಾರೆ. ಟೊಳ್ಳು ಸದ್ದು ಬಂದರೆ ಆ ಮನೆಯ ಹೆಂಗಸರ ಮಾನ ಹೋಯಿತು.

"ಆದ್ರೆ ಅಟ್ಟದ ಮೇಲಿನ ಪೀಪಾಯಿಗೆ ಕೈ ಹಾಕಿದ್ಯೋ, ಕೈ ಮುರೀತೀನಿ" ಎಂದಳು ಮಾರ್ತ್. ಅಟ್ಟದ ಮೇಲೆ ಇರುವುದು ಸಾವಾನ್ಯಾಂ. ಅದಕ್ಕೆ ಕಾನೂನೇ ಬೇರೆ. ಆರು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಮುಟ್ಟುವಂತಿಲ್ಲ, ತುಂಬುವಂತಿಲ್ಲ, ಅಲುಗಿಸುವಂತಿಲ್ಲ. ಮಟ್ಟ ಇಳಿಯಲಿ, ಗಾಳಿ ಸೇರಲಿ. ಮೇಲೆ ತಾನಾಗಿ ಒಂದು ತೆಳ್ಳನೆಯ ಪದರ ಕಟ್ಟಿಕೊಂಡು ವೈನನ್ನು ಕಾಯುತ್ತದೆ. ಆ ಪದರದ ಕೆಳಗೆ ಅದು ಹಳದಿಯಾಗುತ್ತದೆ. ಕಾಯುವುದನ್ನು ಬಿಟ್ಟು ಮನುಷ್ಯ ಮಾಡುವುದು ಏನೂ ಇಲ್ಲ.

"ಅಂದ್ರೆ ಹಾಲಿನ ಕೆನೆ ಒಡೀಬಾರದು, ಅಷ್ಟೇ ತಾನೇ? ಇದಕ್ಯಾಕೆ ಕೈ ಮುರಿಯೋ ಮಾತು?" ಅಂದಳು ಜೋಸೆಟ್. 

ಆಮೇಲೆ ನಲವತ್ತು ವರ್ಷ ಅವಳು ಒಂದು ಸೋಮವಾರವನ್ನೂ ತಪ್ಪಿಸಲಿಲ್ಲ. ಅತ್ತೆ ಸತ್ತ ದಿನ ಸೋಮವಾರವೇ ಆಗಿತ್ತು. ಚರ್ಚಿನ ಗಂಟೆ ಹೊಡೆಯುವ ಮೊದಲು ಕೆಳಗಿಳಿದು ಎಲ್ಲವನ್ನೂ ತುಂಬಿ ಬಂದು, "ಇಲ್ದಿದ್ರೆ ಶವಪೆಟ್ಟಿಗೆಯಿಂದ ಎದ್ದು ಬಂದು ಬೈತಿದ್ಲು ಕಣೇ" ಎಂದು ನನ್ನ ಹೆಗಲಿಗೆ ತಲೆಯಿಟ್ಟು ಅತ್ತಳು. ಮಕ್ಕಳಾಗಲಿಲ್ಲ. ಅದನ್ನು ಯಾರಾದರೂ ಕೆದಕಿದರೆ, "ಅಟ್ಟದಲ್ಲಿ ಸಾಲಾಗಿ ಮಲಗಿದಾವಲ್ಲ ನಮ್ಮವು. ಆರು ವರ್ಷ ಸಾಕಿ ಹೊರಗೆ ಕಳಿಸ್ತೀನಿ, ಒಂದೂ ತಿರುಗಿ ಕಾಗದ ಬರ್ದಿಲ್ಲ. ನಿಮ್ಮ ಮಕ್ಕಳು ಬರೀತಾರೇನು?" ಅನ್ನುತ್ತಿದ್ದಳು. 

ಒಂದು ಚಳಿಗಾಲ ಮಳೆ ನಿಲ್ಲಲೇ ಇಲ್ಲ. ನೆನೆದ ಬೂದು ಮಣ್ಣು ಸಾವಾನ್ಯಾಂ ಬಳ್ಳಿಗಳನ್ನು ಹೊತ್ತುಕೊಂಡೇ ಕೆಳಗಿನ ಹಳ್ಳಕ್ಕೆ ಜಾರಿತು. ರೆಮಿಯ ಅಜ್ಜ ನೆಟ್ಟ ಬಳ್ಳಿಗಳು. ಹೊಸದಾಗಿ ನೆಟ್ಟು, ಅದು ಹಣ್ಣು ಬಿಟ್ಟು, ಮತ್ತೆ ಆರು ವರ್ಷ ಅಟ್ಟದಲ್ಲಿ ಕಾಯುವಷ್ಟು ಆಯುಷ್ಯ ಉಂಟೇ ಎಂದು ರೆಮಿ ಯೋಚಿಸಿ ಕೈಬಿಟ್ಟ. ಉಳಿದದ್ದು ಅಟ್ಟದ ಎರಡು ಸಾಲು ಪೀಪಾಯಿ. ಆ ಇಳಿಜಾರಿನ ವೈನ್ ಇನ್ನು ಭೂಮಿಯ ಮೇಲೆ ಇರುವುದು ಅಷ್ಟೇ. ರೆಮಿ ಮಾತು ಕಡಿಮೆಯ ಮನುಷ್ಯ. ಆದರೆ ಆ ಎರಡು ಸಾಲಿನ ನಡುವೆ ಅವನು ನಡೆಯುವಾಗ ಬೂಟು ಕಳಚಿ ನಡೆಯುತ್ತಿದ್ದ.

ಜೋಸೆಟ್‌ಳ ಮರೆವು ಶುರುವಾದದ್ದು ನನ್ನ ಅಂಗಡಿಯಲ್ಲೇ. ಒಂದು ದಿನ ಅವಳು ನನ್ನನ್ನು ನನ್ನ ಅಮ್ಮನ ಹೆಸರಿನಿಂದ ಕರೆದಳು. ತಮಾಷೆ ಅಂದುಕೊಂಡೆ. "ನನಗೇನು ಅಷ್ಟು ವಯಸ್ಸಾಯ್ತೇನೇ?" ಅಂದೆ. ಅವಳೂ ನಕ್ಕಳು, ಆದರೆ ಕಣ್ಣಿನಲ್ಲಿ ಭಯ ಇತ್ತು. ಮರುವಾರ ಚೀಸ್ ತೆಗೆದುಕೊಂಡು ಹೋದವಳು ಅರ್ಧ ಗಂಟೆಗೆ ಮತ್ತೆ ಬಂದು ಅದನ್ನೇ ಕೇಳಿದಳು. ಕೊಟ್ಟೆ. ಮತ್ತೆ ಬಂದಳು. ಆಗಲೂ ಕೊಟ್ಟೆ. ಸಂಜೆ ರೆಮಿ ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ತಂದು, "ಯುಗೆಟ್, ನೀನೂ ಒಂದು ಮಾತು ಹೇಳ್ಬಾರ್ದಾ?" ಅಂದ.

"ಏನಂತ ಹೇಳ್ಲಿ? ನೀನು ಹೇಳಿದ್ದೀಯಾ?"

ಅವನು ಚೀಲ ಇಟ್ಟು ಹೋದ.

ಪಟ್ಟಣದ ಡಾಕ್ಟರು ಹೆಣ್ಣುಮಗಳು, ಒಳ್ಳೆಯವಳು. ಔಷಧದಿಂದ ದೊಡ್ಡದೇನೂ ಆಗುವುದಿಲ್ಲ ಎಂದು ನೇರವಾಗಿ ಹೇಳಿದಳು. "ಕೈಗೆ ಗೊತ್ತಿರೋ ಕೆಲಸ ಮಾತ್ರ ಬಿಡಿಸ್ಬೇಡಿ. ತಲೆ ಬಿಟ್ಟಿದ್ದನ್ನ ಕೈ ಇನ್ನೊಂದಿಷ್ಟು ದಿನ ಹಿಡ್ಕೊಂಡಿರತ್ತೆ" ಅಂದಳು. ಅದು ನಿಜವಾಗಿತ್ತು. ಭಾನುವಾರ ತನ್ನ ಮನೆಯ ಬಚ್ಚಲಿನ ದಾರಿ ಕೇಳುವ ಜೋಸೆಟ್, ಸೋಮವಾರ ನೆಲಮಾಳಿಗೆಯಲ್ಲಿ ಹಳೆಯ ಜೋಸೆಟ್. ಬಿರಡೆ ಕೀಳುವುದು, ಮೂತಿ ಇಳಿಸುವುದು, ಒಂದು ಹನಿ ಹೊರಗೆ ಚೆಲ್ಲದ ಹಾಗೆ ನಿಲ್ಲಿಸುವುದು. ಕೊನೆಗೆ ಹೆಬ್ಬೆರಳಿನ ಮೇಲೆ ಒಂದು ಹನಿ ಬಿಟ್ಟುಕೊಂಡು ನೆಕ್ಕಿ ತಲೆಯಾಡಿಸುವುದು. ರೆಮಿ ಮೆಟ್ಟಿಲ ಮೇಲೆ ಕೂತು ಅದನ್ನೇ ನೋಡುತ್ತಿದ್ದ. ಅವನಿಗೆ ವಾರವೆಲ್ಲ ಬದುಕಲು ಆ ಒಂದು ಬೆಳಿಗ್ಗೆ ಸಾಕಾಗುತ್ತಿತ್ತು.

ವಸಂತದಲ್ಲಿ ಅಟ್ಟದ ವೈನನ್ನು ರುಚಿ ನೋಡುವ ರೂಢಿ. ಪೀಪಾಯಿಯ ಹೊಟ್ಟೆಯ ಕೆಳಗೆ ಸಣ್ಣ ನಲ್ಲಿ ಇರುತ್ತದೆ, ಮೇಲಿನ ಪದರ ಕದಡದ ಹಾಗೆ ಒಂದು ಗುಟುಕು ಇಳಿಸಿಕೊಳ್ಳಲು. ಮನೆಯವರ ನಾಲಿಗೆಯನ್ನು ನಂಬಬಾರದು ಎಂದು ನೆರೆಯವರನ್ನೂ ಕರೆಯುತ್ತಾರೆ. ಆ ಸಲ ನಾನು ಹೋಗಿದ್ದೆ. ರೆಮಿ ಬೂಟು ಕಳಚಿದ, ನಾನೂ ಚಪ್ಪಲಿ ಕಳಚಿದೆ. ಅವನು ಬಲಗಡೆಯ ಸಾಲಿನ ಮೊದಲ ಪೀಪಾಯಿಯಿಂದ ಇಳಿಸಿಕೊಂಡು ಮೂಗಿಗೆ ಹಿಡಿದ. ಅವನ ಮುಖ ಬದಲಾಯಿತು. ಲೋಟ ನನಗೆ ಕೊಟ್ಟ. ಅಕ್ರೋಟಿನ ವಾಸನೆ ಇರಲಿಲ್ಲ. ಮದುವೆಮನೆಯಲ್ಲಿ ಮಕ್ಕಳಿಗೂ ಕೊಡುವ ಸಾದಾ ಬಿಳಿ ವೈನಿನ ಹಾಗಿತ್ತು.

ಅವನು ಬೆರಳಿನಿಂದ ಪೀಪಾಯಿಯನ್ನು ತಟ್ಟಿದ. ತುಂಬಿದ ಸದ್ದು. ಮುಂದಿನದನ್ನು ತಟ್ಟಿದ. ಅದೂ ತುಂಬಿತ್ತು. ಬಿರಡೆ ಕಿತ್ತು ನೋಡಿದರೆ ಕಂಠದ ತನಕ ವೈನು, ಅದರ ಮೇಲೆ ಹರಿದ ಪದರದ ಬಿಳಿ ಚೂರುಗಳು ತೇಲುತ್ತಿದ್ದವು. ಬಲಗಡೆಯ ಸಾಲು ಪೂರ್ತಿ ಹಾಗೇ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಇಲ್ಲಿ ದೊಣ್ಣೆ ಹಿಡಿದ ಕೈ ಯಾರದು ಎಂದು ಕೇಳುವ ಅಗತ್ಯವೂ ಇರಲಿಲ್ಲ.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಜೋಸೆಟ್ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು. ನಮ್ಮ ಮುಖ ನೋಡಿ ಸಿಟ್ಟಾದಳು.

"ಈಗ ಬಂದ್ರಾ ನೋಡೋಕೆ? ಎಷ್ಟು ಇಳಿದಿತ್ತು ಗೊತ್ತಾ ಇವು? ತಟ್ಟಿದ್ರೆ ಡಬಡಬ ಅಂತಿದ್ವು. ಮನೇಲಿ ಹೆಂಗಸು ಸತ್ತಿದಾಳೆ ಅಂದ್ಕೊಳ್ಳಲ್ವಾ ನೋಡಿದೋರು? ನಾನೊಬ್ಬಳೇ ಹೊತ್ತು ಹೊತ್ತು ಮೇಲೆ ತಂದು ತುಂಬಿದೀನಿ. ಆ ಕಡೆ ಸಾಲು ಬಾಕಿ ಇದೆ."

ಶಾರ್ದೊನೆ ತುಂಬಿದ್ದಳು. ಪಾಪ ಎಂದು ನಾನು ಅನ್ನುವುದಿಲ್ಲ. ಅವಳು ಮಾಡಿದ್ದು ಒಳ್ಳೆಯ ಮನೆಯೊಡತಿ ಮಾಡುವ ಕೆಲಸ. ಅವಳಿಗೆ ನಿಯಮ ನೆನಪಿತ್ತು, ಅಪವಾದ ಮಾತ್ರ ಮರೆತಿತ್ತು. ನಾನು ರೆಮಿಯ ಕಡೆ ನೋಡಿದೆ. ಅವನು ಕೂಗಿದ್ದರೆ ನನಗೆ ಸಮಾಧಾನ ಆಗುತ್ತಿತ್ತು. ಅವನು ಬಿರಡೆಯನ್ನು ಮತ್ತೆ ಒತ್ತಿ ಕೂರಿಸಿದ.

"ಕೈ ನೋವಾಯ್ತಾ?" ಅಂದ.

"ಆಗದೆ? ನೀನು ಬಂದು ಹಿಡ್ಕೊಂಡ್ಯಾ?" ಅಂದಳು.

ಬಲಗಡೆಯ ಸಾಲು ಹೋಯಿತು. ಒಂದು ಸಲ ತುಂಬಿದ ಮೇಲೆ ಅದನ್ನು ಹಳದಿ ಎಂದು ಕರೆಯುವ ಹಾಗಿಲ್ಲ. ಇನ್ನು ಎಡಗಡೆಯ ಸಾಲು. ಅದರ ಪದರ ಇನ್ನೂ ಒಡೆದಿರಲಿಲ್ಲ. ರೆಮಿ ಪಟ್ಟಣಕ್ಕೆ ಹೋಗಿ ಬೀಗ ತಂದ. ನಮ್ಮೂರಿನಲ್ಲಿ ವೈನಿನ ಬಾಗಿಲಿಗೆ ಬೀಗ ಹಾಕುವವರಿಲ್ಲ. ನೆರೆಯವನನ್ನು ಕಳ್ಳ ಎಂದಂತೆ ಅದು. ಅಂಗಡಿಗೆ ಬಂದ ಗಂಡಸರು ಕೊಂಕು ಆಡಿದರು. ನಾನು ಒಬ್ಬೊಬ್ಬರಿಗೂ ಉಗಿದು ಕಳಿಸಿದೆ.

ಸೋಮವಾರ ಅವಳು ಕೆಳಗಿನ ಕೆಲಸ ಮುಗಿಸಿ ಅಟ್ಟದ ಬಾಗಿಲಿಗೆ ಬಂದಳು. ಬೀಗವನ್ನು ಎಳೆದಳು. ರೆಮಿಯನ್ನು ಕರೆದಳು. ಅವನು ಬೀಗದಕೈ ಕಳೆದಿದೆ ಎಂದ. ಮುಂದಿನ ವಾರವೂ ಕಳೆದಿದೆ ಎಂದ. ಬೇರೆ ಏನನ್ನೂ ನೆನಪಿಡದ ಅವಳ ತಲೆ ಈ ಬೀಗವನ್ನು ಮಾತ್ರ ಹಿಡಿದುಕೊಂಡಿತು. ನೆಲಮಾಳಿಗೆಯ ಕೆಲಸವೂ ಕೆಟ್ಟಿತು. ಬಾಕಿ ಉಳಿದದ್ದರ ಚಿಂತೆಯಲ್ಲಿ ಪುಲ್ಸಾರ್‌ಗೆ ಬಿಳಿ, ಬಿಳಿಗೆ ತ್ರುಸೋ ಸುರಿದಳು. ರೆಮಿ ಅಲ್ಲಿಗೂ ಬೀಗ ಹಾಕಬೇಕಾಯಿತು.

ಅವತ್ತಿನಿಂದ ಅವಳು ಗಿಂಡಿಯನ್ನು ಮಡಿಲಲ್ಲಿಟ್ಟುಕೊಂಡು ನೆಲಮಾಳಿಗೆಯ ಬಾಗಿಲ ಮುಂದೆ ಕಲ್ಲಿನ ಮೇಲೆ ಕೂರತೊಡಗಿದಳು. ಊಟ ಬಿಟ್ಟಳು. ನಾನು ಬಿಸಿ ಆಲೂಗಡ್ಡೆಯ ಮೇಲೆ ಚೀಸ್ ಕರಗಿಸಿ ತಂದುಕೊಟ್ಟರೆ ತಟ್ಟೆಯನ್ನು ಪಕ್ಕಕ್ಕಿಟ್ಟು, "ಅತ್ತೆಗೆ ಇನ್ನೂ ಸಿಟ್ಟು ಹೋಗಿಲ್ಲ ಕಣೇ. ಮದುವೆ ದಿನ ಏನೋ ಅಂದೆ ನೋಡು, ಅದಕ್ಕೇ ಕೆಲಸದಿಂದ ತೆಗ್ದಿದಾಳೆ. ನೀನೊಂದು ಮಾತು ಹೇಳು" ಎಂದು ನನ್ನ ಅಂಗಿಯ ಅಂಚು ಹಿಡಿದುಕೊಂಡಳು. ಎಂದೂ ಯಾರ ಮುಂದೂ ಬಗ್ಗದವಳು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು ಬಹಳ ಕೆಟ್ಟದ್ದು.

ನಾನು ಅದನ್ನು ರೆಮಿಯ ಮೇಲೆ ತೀರಿಸಿಕೊಂಡೆ. "ಒಂದು ಸಾಲು ಪೀಪಾಯಿಗೋಸ್ಕರ ಹೆಂಡ್ತಿನ ಉಪವಾಸ ಕೆಡವ್ತೀಯೇನೋ?"

"ಒಂದು ಸಾಲಲ್ಲ ಯುಗೆಟ್. ಅಷ್ಟೇ ಇರೋದು. ಅದಾದ ಮೇಲೆ ಇಲ್ಲ" ಎಂದ. ಮತ್ತೆ, "ಅವಳಾದ ಮೇಲೂ ಇಲ್ಲ" ಎಂದ.

ಅತ್ತ ದರಿ, ಇತ್ತ ಪುಲಿ. ಅವನಿಗೆ ಒಂದು ಉಪಾಯ ಹೊಳೆಯಿತು. ಬಟ್ಟೆ ಒಗೆಯುವ ಕೋಣೆಯಲ್ಲಿ ಹಳೆಯ ಪೀಪಾಯಿಗಳನ್ನು ಸಾಲಾಗಿ ಜೋಡಿಸಿ, ನೀರು ತುಂಬಿ, ಭಾನುವಾರ ಸಂಜೆ ಪ್ರತಿಯೊಂದರಿಂದ ಒಂದಿಷ್ಟು ಹೊರಗೆ ಬಿಟ್ಟ. ಗಿಂಡಿಗೂ ನೀರು. ಸೋಮವಾರ ಬೆಳಿಗ್ಗೆ ಅವಳ ಕೈ ಹಿಡಿದು ಕರೆದುಕೊಂಡು ಹೋಗಿ, "ನಿನ್ನತ್ತೆ ಹೇಳಿ ಕಳಿಸಿದಾಳೆ, ಇನ್ಮೇಲೆ ಇವು ನಿಂದು" ಅಂದ. ಅವಳು ಒಂದೊಂದನ್ನೂ ತಟ್ಟಿ, ಬಿರಡೆ ಕಿತ್ತು, ತುಂಬಿದಳು. ಮಧ್ಯಾಹ್ನ ಎರಡು ತಟ್ಟೆ ಊಟ ಮಾಡಿದಳು. ನನ್ನನ್ನು ನನ್ನ ಹೆಸರಿನಿಂದಲೇ ಕರೆದು, "ಯುಗೆಟ್, ನಿನ್ನ ಚೀಸು ಯಾಕೋ ರಬ್ಬರ್ ಆಗಿದೆ" ಎಂದು ಬೈದಳು. ಅಷ್ಟು ಸಂತೋಷ ನನಗೆ ಯಾವ ಹೊಗಳಿಕೆಯಿಂದಲೂ ಆಗಿರಲಿಲ್ಲ.

ಬೇಸಿಗೆಯೆಲ್ಲ ಹಾಗೇ ನಡೆಯಿತು. ಕೆಲಸ ಮುಗಿದ ಮೇಲೆ ಹೆಬ್ಬೆರಳ ಮೇಲೆ ಹನಿ ಬಿಟ್ಟುಕೊಳ್ಳುವುದನ್ನು ಅವಳು ಮರೆತಿದ್ದಳು. ಅದರಿಂದಲೇ ಉಪಾಯ ಅಷ್ಟು ದಿನ ನಡೆದಿತ್ತು ಎಂಬುದು ನಮಗೆ ಹೊಳೆದಿರಲಿಲ್ಲ.

ಕೊಯ್ಲಿನ ಹೊತ್ತಿಗೆ ಗಾಳಿಯಲ್ಲೆಲ್ಲ ಹಿಂಡಿದ ಹಣ್ಣಿನ ವಾಸನೆ. ಅದರಿಂದಲೋ ಏನೋ, ಆ ಸೋಮವಾರ ಅವಳಿಗೆ ನೆನಪಾಯಿತು. ಕೊನೆಯ ಪೀಪಾಯಿ ತುಂಬಿ, ಗಿಂಡಿಯ ಮೂತಿಯಿಂದ ಒಂದು ಹನಿಯನ್ನು ಹೆಬ್ಬೆರಳ ಮೇಲೆ ಬಿಟ್ಟುಕೊಂಡು ನೆಕ್ಕಿದಳು. ನಿಂತಳು. ಮತ್ತೊಂದು ಹನಿ ನೆಕ್ಕಿದಳು. ಹಿಂದಿನ ಪೀಪಾಯಿಗೆ ಹೋಗಿ ಬೆರಳು ಅದ್ದಿ ನೆಕ್ಕಿದಳು. ಸಾಲಿನ ಮೊದಲ ಪೀಪಾಯಿಯ ತನಕ ಹೋದಳು. ನಾವಿಬ್ಬರೂ ಗೋಡೆಗೆ ಒರಗಿ ನಿಂತಿದ್ದೆವು.

"ರೆಮಿ, ಇದು ನೀರು" ಅಂದಳು.



"ನೀರು ತುಂಬಿಸ್ತಿದ್ದೀಯಾ ನನ್ನ ಕೈಲಿ?" ಅವಳ ಮುಖ ಸ್ಪಷ್ಟವಾಗಿತ್ತು, ಒಂದು ವರ್ಷದಿಂದ ನಾನು ನೋಡಿರದಷ್ಟು ಸ್ಪಷ್ಟ. "ಅಷ್ಟು ಹೋಗ್ಬಿಟ್ಟಿದೀನಾ ನಾನು?"

 ರೆಮಿ ಜೇಬಿಗೆ ಕೈ ಹಾಕಿ ಬೀಗದಕೈ ತೆಗೆದ. ಅದು ಅಷ್ಟು ದಿನವೂ ಅವನ ಜೇಬಿನಲ್ಲೇ ಇತ್ತು.

"ಸಿಕ್ತು, ಬಾ" ಎಂದ.

ನಾನು ಅವನ ತೋಳು ಹಿಡಿದೆ. "ಬೇಡ ಕಣೋ" ಎಂದೆ. ಬೇಸಿಗೆಗೆ ಮುಂಚೆ ಬೈದವಳು ನಾನೇ. ಈಗ ಬೇಡ ಅನ್ನುತ್ತಿರುವವಳೂ ನಾನೇ. ಅವನು ಮೆಲ್ಲಗೆ ತೋಳು ಬಿಡಿಸಿಕೊಂಡ. ಅಟ್ಟದ ಬೀಗ ತೆಗೆದು, ಕೆಳಗಿನಿಂದ ಶಾರ್ದೊನೆಯನ್ನು ತಾನೇ ಹೊತ್ತು ತಂದು ಅವಳ ಗಿಂಡಿಗೆ ಸುರಿದ. ಎಡಗಡೆಯ ಸಾಲಿನ ಮೊದಲ ಪೀಪಾಯಿಯನ್ನು ಅವಳು ತಟ್ಟಿದಳು. ಟೊಳ್ಳು ಸದ್ದು. "ನೋಡಿದ್ಯಾ ಹೆಂಗೆ ಬಿಟ್ಟಿದೀಯ" ಎಂದು ಗಂಡನನ್ನು ಬೈದು ಬಿರಡೆ ಕಿತ್ತಳು. ಒಳಗೆ ಪದರ ಕಾಣಿಸಿತು, ಸುಕ್ಕುಸುಕ್ಕಾಗಿ, ಮುದುಕಿಯ ಕೈಯ ಚರ್ಮದ ಹಾಗೆ. ಅವಳು ಗಿಂಡಿಯ ಮೂತಿ ಇಳಿಸಿದಳು. ಪದರ ಒಂದು ಕಡೆ ಎದ್ದು, ಹರಿದು, ಮುಳುಗಿತು.

ಒಂದು ಹನಿಯೂ ಹೊರಗೆ ಚೆಲ್ಲಲಿಲ್ಲ. ಗಿಂಡಿ ಬರಿದಾದಾಗಲೆಲ್ಲ ರೆಮಿ ಕೆಳಗಿಳಿದು ಹೊತ್ತು ತಂದ.  ಅವಳು ಒಂದೊಂದು ಬಿರಡೆಯನ್ನೂ ಒರೆಸಿ ಒತ್ತಿ, ಹೆಬ್ಬೆರಳ ಹನಿ ನೆಕ್ಕಿ, ತಲೆಯಾಡಿಸಿದಳು. ಎಲ್ಲ ಮುಗಿದ ಮೇಲೆ ಸಾಲಿನ ಕಡೆ ತಿರುಗಿ, "ಈಗ ಮನೆ ಅನ್ನಿಸ್ತು ನೋಡು" ಎಂದಳು. ಅವನು, "ಹೌದು, ಈಗ ಅನ್ನಿಸ್ತು" ಎಂದ. ನಾನು ಕೆಳಗೆ ಹೋಗಿ ಅವರ ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ.

ಆ ವಾರವೆಲ್ಲ ರೆಮಿ ಹಗುರಾಗಿದ್ದ. ಮುಂದಿನ ಸೋಮವಾರಕ್ಕೆಂದು ಗಿಂಡಿ ತೊಳೆದಿಟ್ಟ. ಇನ್ನು ಬಚ್ಚಿಡುವುದು ಏನೂ ಇಲ್ಲ, ಅವಳ ಬೆಳಿಗ್ಗೆಗಳಾದರೂ ಉಳಿದವಲ್ಲ ಎಂದು ನನ್ನ ಹತ್ತಿರ ಹೇಳಿದ. ಅವನು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಸೋಮವಾರ ನಾನು ಬೆಣ್ಣೆ ಕೊಡಲು ಹೋದಾಗ ಜೋಸೆಟ್ ಅಡುಗೆಮನೆಯ ಮೇಜಿನ ಮುಂದೆ ಕೂತು ಹುರುಳಿಕಾಯಿಯ ನಾರು ಬಿಡಿಸುತ್ತಿದ್ದಳು. ರೆಮಿ ಅಟ್ಟದ ಬಾಗಿಲು ತೆರೆದಿಟ್ಟು ಕೆಳಗಿಳಿದು ಬಂದಿದ್ದ.

"ಜೋಸೆಟ್, ಹೋಗೋಣ್ವಾ?" ಎಂದ.

"ಎಲ್ಲಿಗೆ?"

"ಮೇಲೆ. ಇವತ್ತು ಸೋಮವಾರ ಅಲ್ವಾ?"

ಅವಳು ತಲೆಯೆತ್ತಿ ಅವನನ್ನು ನೋಡಿದಳು. ಹೊರಗಿನಿಂದ ಬಂದವರ ಹತ್ತಿರ ಮಾತಾಡುವಷ್ಟು ಮರ್ಯಾದೆಯಿಂದ ಕೇಳಿದಳು.

"ಸೋಮವಾರ ಆದ್ರೆ ಏನು ಮಾಡ್ಬೇಕು?"

ರೆಮಿ ನನ್ನ ಕಡೆ ನೋಡಿದ.  ಅವನು ಅವಳ ಪಕ್ಕದ ಕುರ್ಚಿ ಎಳೆದುಕೊಂಡು ಕೂತ. ಬುಟ್ಟಿಯಿಂದ ಒಂದು ಹಿಡಿ ಹುರುಳಿಕಾಯಿ ತೆಗೆದುಕೊಂಡು ನಾರು ಬಿಡಿಸತೊಡಗಿದ. "ಹಾಗಲ್ಲ, ತುದಿಯಿಂದ ಎಳೀಬೇಕು" ಎಂದು ಅವಳು ತೋರಿಸಿಕೊಟ್ಟಳು.